ಎಡಗೈ ಸೇಸಮ್ಮನ ನೇಮಕಾತಿ

ಶಿರ್ತಾಡಿಯ ಸೇಸಮ್ಮನ ಹೊಟ್ಟೆಯಲ್ಲಿ ಕಿಚ್ಚು ಇಪ್ಪತ್ತೇಳು ವರ್ಷದಿಂದ ಇತ್ತು. ಆದರೆ ಅದು ಹಸಿ ಸೌದೆಯ ಒಲೆಯ ಹಾಗೆ, ಹೊಗೆಯೇ ಹೆಚ್ಚು, ಉರಿ ಕಡಿಮೆ. ಅದಕ್ಕೆ ಸರಿಯಾಗಿ ಊದಿ ಹೊತ್ತಿಸಿದ್ದು ಭಾರತ ಸರಕಾರ. ಇದನ್ನು ಕೇಳಿದರೆ ಸರಕಾರಕ್ಕೇ ಆಶ್ಚರ್ಯವಾದೀತು. ಶಿರ್ತಾಡಿಯಲ್ಲಿ ಸೇಸಮ್ಮ ಎಂಬವಳೊಬ್ಬಳು ಬೀಡಿ ಕಟ್ಟುತ್ತಾಳೆ ಎಂಬುದು ಸರಕಾರದ ಯಾವ ಪುಸ್ತಕದಲ್ಲೂ ಇರಲಿಲ್ಲ. ತಕರಾರು ಇದ್ದದ್ದೂ ಅಲ್ಲೇ.

ಆದದ್ದಿಷ್ಟು. ಕಳೆದ ನವೆಂಬರಿನಲ್ಲಿ ದೆಹಲಿಯವರು ಇಪ್ಪತ್ತೊಂಬತ್ತು ಕಾರ್ಮಿಕ ಕಾನೂನುಗಳನ್ನು ಮಡಚಿ ನಾಲ್ಕು ಸಂಹಿತೆ ಮಾಡಿ ಜಾರಿಗೆ ತಂದರು. ದುಡಿಯುವ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು ಎಂಬ ಮಾತೊಂದು ಅದರಲ್ಲಿತ್ತು. ಬೇರೆಯವರು ನಿಯಮಾವಳಿ ಬರಲಿ, ನೋಡುವ ಎಂದು ಕೈಕಟ್ಟಿ ಕುಳಿತಿರುವಾಗ ಶಿರ್ತಾಡಿಯಲ್ಲಿ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚು ಇಟ್ಟಿದ್ದ ಬೀಡಿ ಕಂಪನಿಯವರು ಮಾತ್ರ, ಹೊಸದಾಗಿ ಕೊಂಡ ಪ್ರಿಂಟರಿನ ಉಮೇದಿನಲ್ಲೋ ಏನೋ, ಕಂಪನಿಯ ಕಾರ್ಮಿಕ ಕಾರ್ಡು ಇದ್ದ ಹೆಂಗಸರಿಗೆಲ್ಲ ಪತ್ರ ಹೊಡೆಸಿ ಹಂಚಿಬಿಟ್ಟರು. ಸೇಸಮ್ಮನ ಓರಗಿತ್ತಿ, ಅಂದರೆ ಅವಳ ಗಂಡ ಜತ್ತಪ್ಪನ ಅಣ್ಣನ ಹೆಂಡತಿ ವಾರಿಜಳಿಗೂ ಒಂದು ಬಂತು. ಸೇಸಮ್ಮನಿಗೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸೇಸಮ್ಮ ನೆರಿಯದ ಕಾಡಂಚಿನ ಮನೆಯಿಂದ ಮದುವೆಯಾಗಿ ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕತ್ತರಿ ಮತ್ತು ಒಂದು ಎಡಗೈ. ಟ್ರಂಕಿಗೆ ತುಕ್ಕು ಹಿಡಿಯಿತು, ಕತ್ತರಿ ಸವೆಯಿತು. ಎಡಗೈ ಮಾತ್ರ ದಿನದಿಂದ ದಿನಕ್ಕೆ ಚೂಪಾಯಿತು. ಅವಳು ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕುಳಿತರೆ ಬೆರಳು ಕಾಣುತ್ತಿರಲಿಲ್ಲ, ತಿರುಗುವ ಫ್ಯಾನಿನ ರೆಕ್ಕೆ ಕಾಣದ ಹಾಗೆ. ಸೆಕೆಗಾಲದಲ್ಲಿ ಅಕ್ಕಪಕ್ಕದ ಮನೆಯವರು ಅವಳ ಹತ್ತಿರ ಬಂದು ಕುಳಿತುಕೊಳ್ಳುತ್ತಿದ್ದದ್ದು ಮಾತಿಗಲ್ಲ, ಗಾಳಿಗೆ. ಒಮ್ಮೆ ಯಾರೊಂದಿಗೋ ಜಗಳದ ಭರದಲ್ಲಿ ಪಕ್ಕದಲ್ಲಿ ಮಲಗಿದ್ದ ಬೆಕ್ಕಿನ ಬಾಲವನ್ನು ಎಲೆಯಲ್ಲಿ ಸುತ್ತಿ, ನೂಲು ಹಾಕಿ, ತುದಿ ಮಡಚಿ ಇಟ್ಟಿದ್ದಳು. ಬೆಕ್ಕಿಗೆ ಗೊತ್ತಾದದ್ದು ಮರುದಿನ. ಎಡಗೈಯವಳಾದ್ದರಿಂದ ಅವಳ ಬೀಡಿಯ ನೂಲಿನ ಸುತ್ತು ಮಾತ್ರ ಊರಿನ ಉಳಿದೆಲ್ಲ ಬೀಡಿಗಿಂತ ಉಲ್ಟಾ ಇರುತ್ತಿತ್ತು.

ವಾರಿಜಳ ಬೀಡಿಯ ಮಾತು ಬೇರೆ. ಅವಳ ಒಂದು ಕಟ್ಟಿನಲ್ಲಿ ಇಪ್ಪತ್ತೈದು ಬೀಡಿ ಇದ್ದರೆ ನಾಲ್ಕು ತುಂಬು ಗರ್ಭಿಣಿ, ಆರು ಕ್ಷಯ ಹಿಡಿದದ್ದು, ಉಳಿದವು ಸೊಂಟ ಉಳುಕಿದಂಥವು. ಆದರೆ ಕಾರ್ಡು ಇದ್ದದ್ದು ವಾರಿಜಳಿಗೆ. ಸೇಸಮ್ಮ ಮದುವೆಯಾಗಿ ಬರುವ ಎರಡು ವರ್ಷ ಮೊದಲೇ ಅವಳಿಗೆ ಸಿಕ್ಕಿತ್ತು. ಆಮೇಲೆ ಕಂಪನಿ ಹೊಸ ಕಾರ್ಡು ಕೊಡುವುದನ್ನೇ ನಿಲ್ಲಿಸಿತು. ಕಾರ್ಡು ಕೊಟ್ಟರೆ ಪಿ.ಎಫ್., ಬೋನಸ್ಸು, ರಜೆ ಸಂಬಳ ಎಂದು ಬಾಲ ಬೆಳೆಯುತ್ತದಲ್ಲ!

ಆಗ ಬದುಕಿದ್ದ ಅತ್ತೆ ತೀರ್ಪು ಕೊಟ್ಟರು: "ಒಂದೇ ಮನೆ, ಒಂದೇ ಒಲೆ. ಕಾರ್ಡು ಎರಡು ಯಾಕೆ? ಸೇಸಮ್ಮನ ಬೀಡಿಯನ್ನೂ ವಾರಿಜಳ ಕಾರ್ಡಿಗೇ ಹಾಕಿ."

ಈ ಕಡೆ ಎಷ್ಟೋ ಮನೆಗಳಲ್ಲಿ ನಡೆದದ್ದು ಹೀಗೆಯೇ. ಅತ್ತೆಯ ಕಾರ್ಡಿನಲ್ಲಿ ಸೊಸೆ, ಅಕ್ಕನ ಕಾರ್ಡಿನಲ್ಲಿ ತಂಗಿ. ಕಂಪನಿಯ ದಾಖಲೆ ನಂಬುವುದಾದರೆ ಮೂಡುಬಿದಿರೆಯಿಂದ ಬೆಳ್ತಂಗಡಿಯ ತನಕ ಕೆಲವು ಹೆಂಗಸರಿಗೆ ಆರಾರು ಕೈ ಇರಲೇಬೇಕು. ಅತ್ತೆ ತೀರಿಹೋದರು, ಮನೆ ಎರಡಾಯಿತು, ಒಲೆ ಎರಡಾಯಿತು, ಅಂಗಳಕ್ಕೆ ನಡುವೆ ಬೇಲಿಯೂ ಬಂತು. ಕಾರ್ಡು ಮಾತ್ರ ಒಂದೇ ಉಳಿಯಿತು.

ವಾರಿಜ ಮೋಸದವಳಾಗಿದ್ದರೆ ಸೇಸಮ್ಮನಿಗೆ ಎಷ್ಟೋ ಸುಖವಿತ್ತು. ಮನಸಾರೆ ಬೈದುಕೊಂಡು ಇರಬಹುದಿತ್ತು. ಆದರೆ ಆ ಹೆಂಗಸು ವಾರದ ಮಜೂರಿಯಲ್ಲಿ ಸೇಸಮ್ಮನ ಪಾಲನ್ನು ಒಂದು ದಿನ ತಪ್ಪಿಸಿದವಳಲ್ಲ. ಸೇಸಮ್ಮನ ಮಗಳು ವಿಸ್ಮಿತಾಳನ್ನು ನರ್ಸಿಂಗಿಗೆ ಸೇರಿಸುವಾಗ ಕೇಳದೆಯೇ ತನ್ನ ಪಿ.ಎಫ್. ತೆಗೆದುಕೊಟ್ಟಳು. ಇಂಥವಳನ್ನು ಯಾವ ಬಾಯಲ್ಲಿ ಬೈಯುವುದು? ಬೈಯಲಿಕ್ಕೆ ಕಾರಣ ಸಿಗದ ಹೊಟ್ಟೆಕಿಚ್ಚಿಗಿಂತ ಘೋರವಾದ ರೋಗ ಇನ್ನೊಂದಿಲ್ಲ.

ಹಣದ ಪಾಲು ಬಂತು, ಹೆಸರಿನ ಪಾಲು ಬರಲಿಲ್ಲ. ಬ್ರಾಂಚಿನಲ್ಲಿ ಬೀಡಿ ತಪಾಸಣೆ ಮಾಡುವ ಚೆಕ್ಕರ್ ಮೂಸಬ್ಬ ಕಟ್ಟು ಮೂಗಿನ ಹತ್ತಿರ ಹಿಡಿದು, "ಬೀಡಿ ಅಂದ್ರೆ ವಾರಿಜಕ್ಕಂದು ಮಾರಾಯ್ರೆ, ಬಿಚ್ಚಿ ನೋಡುವುದೇ ಬೇಡ" ಎಂದು ಸಾಲಿನಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದ. ಒಂದು ವರ್ಷ ಕಂಪನಿಯವರು ಉತ್ತಮ ಕಾರ್ಮಿಕೆ ಎಂದು ವಾರಿಜಳಿಗೆ ಸ್ಟೀಲಿನ ಕೊಡಪಾನ ಕೊಟ್ಟರು. ವಾರಿಜ ಮನೆಗೆ ಬಂದವಳೇ, "ಇದು ನಿನ್ನದೇ" ಎಂದು ಸೇಸಮ್ಮನ ಕೈಗಿತ್ತಳು. ಕೊಡಪಾನದ ಹೊಟ್ಟೆಯಲ್ಲಿ 'ಶ್ರೀಮತಿ ವಾರಿಜ' ಎಂದು ಕೊರೆದಿತ್ತು. ಹದಿನಾಲ್ಕು ವರ್ಷದಿಂದ ಸೇಸಮ್ಮ ಆ ಜಾಗವನ್ನೇ ಬೂದಿ ಹಾಕಿ ತಿಕ್ಕುತ್ತಿದ್ದಾಳೆ. ಸ್ಟೀಲು ತೆಳುವಾಗಿ ಒಳಗಿನ ನೀರು ಕಾಣುವಷ್ಟಾಯಿತು, ಹೆಸರು ಹೋಗಲಿಲ್ಲ.

ಇಂಥ ಹೊತ್ತಿಗೆ ಬಂತು ಪತ್ರ.

ವಾರಿಜ ಅದನ್ನು ಮೂಡುಬಿದಿರೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ, ಚಾವಡಿಯ ಗೋಡೆಯಲ್ಲಿ ದೇವರ ಪಟದ ಪಕ್ಕ ಮೊಳೆ ಹೊಡೆದು ತೂಗುಹಾಕಿದಳು. ಮೊದಲ ದಿನ ಸಂಜೆ ದೇವರಿಗೆ ಎತ್ತಿದ ಆರತಿ ಕೈತಪ್ಪಿ ಪತ್ರಕ್ಕೂ ಒಂದು ಸುತ್ತು ಹೋಯಿತು. ಹಾಲು ಕೊಳ್ಳಲು ಬಂದವರು, ದಾರಿ ಕೇಳಲು ಬಂದವರು, ಓಟಿನ ಪಟ್ಟಿ ಹಿಡಿದು ಬಂದವರು ಎಲ್ಲರೂ ಅದನ್ನು ಓದಿಯೇ ಹೋಗಬೇಕಾಯಿತು.

"ಸೇಸಮ್ಮಾ, ಬಾ, ನೀನೊಮ್ಮೆ ಓದು" ಎಂದಳು ವಾರಿಜ. "ನನಗೆ ಕನ್ನಡಕ ಇಲ್ಲದೆ ಸಣ್ಣಕ್ಷರ ಕಾಣುವುದಿಲ್ಲ."

ಸೇಸಮ್ಮ ಓದಿದಳು. "ಶ್ರೀಮತಿ ವಾರಿಜ ಇವರನ್ನು ಬೀಡಿ ಕಟ್ಟುವ ಕೆಲಸಕ್ಕೆ ನೇಮಿಸಲಾಗಿದೆ. ಸೇವೆಗೆ ಸೇರಿದ ವರ್ಷ, ಸಾವಿರದ ಒಂಬೈನೂರ ತೊಂಬತ್ತಾರು. ದರ್ಜೆ, ಕುಶಲ ಕಾರ್ಮಿಕರು."

"ಆ ಕುಶಲ ಅಂದ್ರೆ ಎಂತ?"

"ಚೆಂದ ಬೀಡಿ ಕಟ್ಟುವವರು ಅಂತ" ಎಂದಳು ಸೇಸಮ್ಮ, ಹಲ್ಲಿನ ಸಂದಿಯಿಂದ.

"ಹೌದಾ! ಅಷ್ಟು ದೂರ ಇರುವವರಿಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?" ಎಂದು ವಾರಿಜ ಮುಗ್ಧವಾಗಿ ಕೇಳಿದಳು.

ಸೇಸಮ್ಮ ಬೇಲಿ ದಾಟಿ ಮನೆಗೆ ಬಂದಳು. ಮರುದಿನದಿಂದ ಶುರುವಾಯಿತು ನೋಡಿ. ಬೇಲಿಯ ಆ ಬದಿಯಲ್ಲಿದ್ದ ವಾರಿಜಳ ಬಸಳೆ ಚಪ್ಪರ ಸೇಸಮ್ಮನ ದೃಷ್ಟಿಗೆ ಒಣಗಿ ಹೋಯಿತು. ಎರಡು ತಿಂಗಳಿಗೆ ಮುಗಿಯುತ್ತಿದ್ದ ಗ್ಯಾಸು ನಾಲ್ಕು ತಿಂಗಳಾದರೂ ಮುಗಿಯಲಿಲ್ಲ.

ಜತ್ತಪ್ಪ ರಬ್ಬರ್ ಟ್ಯಾಪಿಂಗಿನವನು. ಮರಕ್ಕೆ ಗಾಯ ಮಾಡಿ ಹಾಲು ತೆಗೆಯುವುದು ಬಲ್ಲ, ಹೆಂಡತಿಯ ಗಾಯದ ಹತ್ತಿರ ಹೋಗುವುದಿಲ್ಲ. ಆದರೂ ಒಂದು ದಿನ ಗಂಜಿ ಉಣ್ಣುವಾಗ, "ಸಿಲಿಂಡರ್ ಯಾಕೆ ಖಾಲಿಯಾಗುವುದಿಲ್ಲ ಅಂತ ಗೊತ್ತಾಯ್ತು. ನೀನು ಹೊಟ್ಟೆಕಿಚ್ಚಲ್ಲೇ ಬೇಯಿಸ್ತಾ ಇದ್ದಿ" ಎಂದುಬಿಟ್ಟ.

"ನಿಮ್ಮ ಅತ್ತಿಗೆ ಅಲ್ವಾ, ಬಿಟ್ಟುಕೊಡ್ತೀರಾ ನೀವು?" ಸೇಸಮ್ಮ ಸೌಟು ಎತ್ತಿದಳು. "ನನ್ನ ಬೀಡಿ ಇಡೀ ಜಿಲ್ಲೆಗೆ ಗೊತ್ತುಂಟು. ನಾನು ಯಾರಿಗೂ ಗೊತ್ತಿಲ್ಲ. ನಾಳೆ ನಾನು ಸತ್ತರೆ, ಸೇಸಮ್ಮ ಎಂತ ಕೆಲಸ ಮಾಡ್ತಿದ್ದಳು ಅಂತ ಕೇಳಿದರೆ ಎಂತ ಹೇಳ್ತೀರಿ? ಮನೆಯಲ್ಲಿ ಇದ್ದಳು ಅಂತ ಹೇಳ್ತೀರಿ!"

ಜತ್ತಪ್ಪ ನಿಜಕ್ಕೂ ಹಾಗೆಯೇ ಹೇಳುವವನಿದ್ದ. ಆದ್ದರಿಂದ ಗಂಜಿಯ ಬಟ್ಟಲಿಗೆ ತಲೆ ಬಗ್ಗಿಸಿದ.

ಸೇಸಮ್ಮನಿಗೆ ಬೇಕಾದದ್ದು ಒಂದೇ. ತನ್ನ ಹೆಸರು, ಅದರ ಮುಂದೆ ಬೀಡಿ, ಅದರ ಮುಂದೆ ಇಪ್ಪತ್ತೇಳು ವರ್ಷ. ಒಂದು ಕಾಗದದಲ್ಲಿ. ಮೊಳೆ ಹೊಡೆಯಲು ಗೋಡೆಯಲ್ಲಿ ಜಾಗವನ್ನೂ ನೋಡಿ ಇಟ್ಟಿದ್ದಳು.

ಅಷ್ಟರಲ್ಲಿ ಮೂರು ತಾಲೂಕಿನ ಬೀಡಿ ಯೂನಿಯನಿನವರು ಒಟ್ಟಾಗಿ ಬಂಟ್ವಾಳದ ಬಿ.ಸಿ. ರೋಡಿನ ಸರಕಾರಿ ಕಚೇರಿಯ ಎದುರು ಈ ಸಂಹಿತೆಗಳ ವಿರುದ್ಧ ಪ್ರತಿಭಟನೆ ಇಟ್ಟರು. ಶಿರ್ತಾಡಿ ಘಟಕದ ಕಾರ್ಯದರ್ಶಿ ಲೋಕಯ್ಯ. ಮೂವತ್ತು ವರ್ಷ ಘೋಷಣೆ ಕೂಗಿ ಕೂಗಿ ಗಂಟಲು ಎಷ್ಟು ಒರಟಾಗಿತ್ತೆಂದರೆ, ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಊರಿನವರು "ಬೇಕೇ ಬೇಕು" ಎನ್ನುತ್ತಿದ್ದರು. ಬಾಡಿಗೆ ಬಸ್ಸಿನಲ್ಲಿ ಹೋದ ಹೆಂಗಸರಲ್ಲಿ ಸೇಸಮ್ಮನೂ ಇದ್ದಳು. ಬಿಸಿಲಿಗೆ ಸೆರಗು ತಲೆಗೆ ಹಾಕಿ, ಎಡ ಮುಷ್ಟಿ ಎತ್ತಿ, "ಕಾರ್ಮಿಕ ಸಂಹಿತೆ ಹಿಂದಕ್ಕೆ ಪಡೆಯಿರಿ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದಳು. ಹಿಂತಿರುಗುವ ಬಸ್ಸಿನಲ್ಲಿ ಲೋಕಯ್ಯನ ಪಕ್ಕದ ಸೀಟಿಗೆ ಬಂದು ಕುಳಿತಳು.

"ಲೋಕಯ್ಯಣ್ಣ, ಆ ಸಂಹಿತೆಯ ಪತ್ರ ನನಗೂ ಒಂದು ತೆಗೆಸಿಕೊಡ್ಬಹುದಾ?"

ಲೋಕಯ್ಯ ಬಾಯಿಗೆ ಹಾಕಿದ ವೀಳ್ಯ ನುಂಗಿಬಿಟ್ಟ. "ಎಂತ ಸೇಸಮ್ಮಕ್ಕ, ಈಗ ತಾನೇ ಅದನ್ನು ಹಿಂದಕ್ಕೆ ಪಡೆಯಿರಿ ಅಂತ ಕೂಗಿದಿರಿ. ಕಚೇರಿಯ ಗಾಜು ಅಲುಗಿದೆ ನಿಮ್ಮ ಸ್ವರಕ್ಕೆ!"

"ನನಗೊಂದು ಕೊಟ್ಟು ಆಮೇಲೆ ಹಿಂದಕ್ಕೆ ಪಡೆಯಲಿ."

ಲೋಕಯ್ಯ ನಗಲಿಲ್ಲ. ಅವನ ಹೆಂಡತಿಯೂ ಅವಳ ಅಕ್ಕನ ಕಾರ್ಡಿನಲ್ಲೇ ಬೀಡಿ ಹಾಕಿ ಮುದುಕಿಯಾದವಳು. "ನೋಡಿ, ಆ ಸಂಹಿತೆಯಲ್ಲಿ ನಮ್ಮ ಕೈ ಕಟ್ಟುವ ಮಾತು ಬಹಳ ಉಂಟು, ಮುಷ್ಕರಕ್ಕೆ ಮೊದಲೇ ನೋಟಿಸು ಕೊಡಬೇಕು, ಅದು ಇದು ಅಂತ. ಅದಕ್ಕೇ ನಾವು ಕೂಗುವುದು. ಆದರೆ ಪತ್ರದ ಮಾತು ಸುಳ್ಳಲ್ಲ, ನೀವೂ ಕೇಳ್ಬಹುದು. ಬುಧವಾರ ಕಾರ್ಮಿಕ ಇಲಾಖೆಯ ಮೇಡಂ ಬ್ರಾಂಚಿಗೆ ಬರ್ತಾರೆ. ಮೊದಲು ಅವರನ್ನು ಇನ್ಸ್‌ಪೆಕ್ಟರ್ ಅಂತಿದ್ದದ್ದು. ಈಗ ಅದರ ಹಿಂದೆ ಒಂದು ಉದ್ದದ ಹೆಸರು ಸೇರಿಸಿದ್ದಾರೆ, ನನಗೆ ಬಾಯಿಗೆ ಬರುವುದಿಲ್ಲ. ಅವರ ಎದುರು ಹೇಳಿ. ಆದರೆ ಒಂದು," ಲೋಕಯ್ಯ ಸ್ವರ ತಗ್ಗಿಸಿದ, ಅಂದರೆ ಬಸ್ಸಿನ ಹಿಂದಿನ ಸೀಟಿಗೆ ಮಾತ್ರ ಕೇಳುವಷ್ಟು. "ಇಪ್ಪತ್ತೇಳು ವರ್ಷ ಅಂತ ಬಾಯಿ ಬಿಟ್ಟರೆ ವಾರಿಜಕ್ಕನ ಬುಡಕ್ಕೆ ಬರ್ತದೆ. ಅವರಿಗೆ ಬರುವ ವರ್ಷ ಐವತ್ತೆಂಟು ತುಂಬಿ ಪೆನ್ಷನ್ ಆಗ್ಬೇಕು."

"ಆಗಲಿ. ಅವಳಿಗೆ ಆಗಲಿ. ಅವಳಿಗೆ ಆಗದ್ದು ಯಾವುದುಂಟು?" ಎಂದು ಸೇಸಮ್ಮ ಕಿಟಕಿಯ ಕಡೆಗೆ ತಿರುಗಿದಳು.

ಮರುದಿನ ಬ್ರಾಂಚಿನಲ್ಲಿ ಮೂಸಬ್ಬನನ್ನು ಹಿಡಿದಳು. "ಮೂಸಬ್ಬಣ್ಣ, ನನ್ನ ಬೀಡಿ ಯಾವುದು ಅಂತ ನಿಮಗೆ ಗೊತ್ತುಂಟಲ್ಲ?"

"ಉಲ್ಟಾ ನೂಲಿನದ್ದು. ಕಣ್ಣು ಮುಚ್ಚಿದರೂ ಗೊತ್ತಾಗ್ತದೆ, ಉಗುರಲ್ಲಿ ಗೀರಿದರೆ ಸಾಕು."

"ಮೇಡಂ ಕೇಳಿದರೆ ಹೇಳ್ತೀರಾ?"

ಮೂಸಬ್ಬ ಟೊಪ್ಪಿ ತೆಗೆದು ತಲೆ ತುರಿಸಿಕೊಂಡ. "ಸೇಸಕ್ಕ, ಇಪ್ಪತ್ತೇಳು ವರ್ಷ ಗೊತ್ತಿದ್ದೂ ಹೇಳದ್ದು ಯಾಕೆ ಅಂತ ಅವರು ನನ್ನನ್ನೇ ಕೇಳಿದರೆ? ನನಗೆ ಗೊತ್ತುಂಟು. ಆದರೆ ನನಗೆ ಗೊತ್ತುಂಟು ಅಂತ ನನಗೆ ಗೊತ್ತಿಲ್ಲ."

ಬುಧವಾರ ಬಂತು. ಬ್ರಾಂಚು ಅಂದರೆ ರಸ್ತೆ ಬದಿಯ ಹಂಚಿನ ಕೋಣೆ. ಒಂದು ತಕ್ಕಡಿ, ಒಂದು ಮೇಜು, ಗೋಣಿಯಲ್ಲಿ ಎಲೆ, ಸೀನು ಬರಿಸುವ ಘಾಟು. ಮೇಡಂ ಮೂವತ್ತು ದಾಟದ ಹುಡುಗಿ. ಬಂದ ಐದು ನಿಮಿಷಕ್ಕೆ ಹದಿನೇಳು ಸಲ ಸೀನಿದರು. ಹೆಂಗಸರು ಗೋಡೆಯುದ್ದಕ್ಕೂ ಕುಳಿತಿದ್ದರು. ಒಬ್ಬೊಬ್ಬರೂ ಪತ್ರ ಸಿಕ್ಕಿದೆ ಎಂದು ಸಹಿ ಹಾಕಿದರು. ವಾರಿಜ ತನ್ನ ಪತ್ರವನ್ನು ಗೋಡೆಯಿಂದ ಮೊಳೆಸಮೇತ ಕಿತ್ತು ತಂದಿದ್ದಳು.

"ಇನ್ನು ಯಾರಾದರೂ ಇದ್ದೀರಾ, ಪತ್ರ ಸಿಗದವರು?" ಎಂದರು ಮೇಡಂ, ಹದಿನೆಂಟನೆಯ ಸೀನಿನ ನಂತರ.

ಸೇಸಮ್ಮ ಎದ್ದು ನಿಂತಳು. ಮೂರು ರಾತ್ರಿ ನಿದ್ದೆಗೆಟ್ಟು ಕಟ್ಟಿದ ಮಾತೆಲ್ಲ ಬಾಯಿಗೆ ಬಂದು ಒಂದರ ಮೇಲೊಂದು ಬಿದ್ದವು. "ನಾನುಂಟು. ನಾನು ಇಪ್ಪತ್ತೇಳು ವರ್ಷದಿಂದ ಉಂಟು. ಆ ಕುಶಲ ಅಂತ ಬರೆದದ್ದು ನನ್ನ ಕೈಗೆ, ಅವಳ ಕೈಗಲ್ಲ."

ಮೂಸಬ್ಬ ಇದ್ದಕ್ಕಿದ್ದಂತೆ ಎಲೆ ಎಣಿಸಲು ತೊಡಗಿದ, ತೂಕ ಮಾಡಿ ಕೊಡುವ ಎಲೆಯನ್ನು ಈ ತನಕ ಯಾರೂ ಎಣಿಸಿದ್ದಿಲ್ಲ.

ಮೇಡಂ ವಾರಿಜಳ ಅಂದಿನ ಬೀಡಿಕಟ್ಟು ಎರಡನ್ನು ಬಿಚ್ಚಿಸಿ ಮೇಜಿನ ಮೇಲೆ ಹರಡಿಸಿದರು. "ಹೇಗೆ ಹೇಳ್ತೀರಿ ನಿಮ್ಮದು ಅಂತ?"

ಸೇಸಮ್ಮ ಮೇಜಿನ ಹತ್ತಿರ ಹೋಗಿ ನೂಲು ನೋಡಿ ಬೀಡಿ ಬೇರೆ ಮಾಡಿದಳು. ಎಡಕ್ಕೆ ತನ್ನದು, ಬಲಕ್ಕೆ ವಾರಿಜಳದ್ದು. ಎಡಕ್ಕೆ ನಲವತ್ತೊಂದು ಬಿದ್ದವು, ಅಳತೆಪಟ್ಟಿ ಇಟ್ಟ ಹಾಗೆ. ಬಲಕ್ಕೆ ಒಂಬತ್ತು, ಜಾತ್ರೆ ಮುಗಿಸಿ ಬಂದವರ ಹಾಗೆ ಒಂದರ ಮೇಲೊಂದು ಒರಗಿಕೊಂಡು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಎಡಗೈಯಲ್ಲಿ ಒಂದು ಬೀಡಿ ಕಟ್ಟಿ ಮೇಜಿನ ಮೇಲಿಟ್ಟಳು. ಮೇಡಂ ಸೀನಲು ಬಾಯಿ ತೆರೆದವರು ಮುಚ್ಚುವುದರೊಳಗೆ ಬೀಡಿ ಮುಗಿದಿತ್ತು. ನೂಲು ಉಲ್ಟಾ ಸುತ್ತಿತ್ತು.

ಸೇಸಮ್ಮ ವಾರಿಜಳ ಮುಖ ನೋಡಿದಳು. ಈ ಮುಖ ಬಾಡುವುದನ್ನು ನೋಡಬೇಕೆಂದು ಎಷ್ಟು ವರ್ಷದಿಂದ ಕಾದಿದ್ದಳು!

ಮುಖ ಬಾಡಲಿಲ್ಲ. ವಾರಿಜ ಎದ್ದು ಬಂದು ಪತ್ರವನ್ನು ಮೇಜಿನ ಮೇಲಿಟ್ಟಳು. "ಬರೆದುಕೊಳ್ಳಿ ಮೇಡಂ. ಅವಳು ಹೇಳಿದ್ದು ಸತ್ಯ. ಒಳ್ಳೆ ಬೀಡಿಯೆಲ್ಲ ಅವಳದ್ದೇ."

"ಅಕ್ಕ..." ಎಂದಳು ಸೇಸಮ್ಮ, ಇಂಥದ್ದಕ್ಕೆ ಅವಳು ತಯಾರಿರಲಿಲ್ಲ.

"ನೀನು ಸುಮ್ಮನಿರು, ನಾನು ಇಪ್ಪತ್ತೇಳು ವರ್ಷ ಸುಮ್ಮನಿದ್ದೇನೆ." ವಾರಿಜಳ ಸ್ವರ ಏರಿತು. "ಇಲ್ಲಿಗೆ ಬಂದಾಗಲೆಲ್ಲ ವಾರಿಜಕ್ಕನ ಬೀಡಿ, ವಾರಿಜಕ್ಕನ ಬೀಡಿ. ನನಗೆ ಗೊತ್ತಿಲ್ವಾ ಅದು ಯಾರ ಬೀಡಿ ಅಂತ? ಒಂದು ದಿನ, ಒಂದೇ ಒಂದು ದಿನ ನನ್ನ ಬೀಡಿಯನ್ನು ಯಾರಾದರೂ ಚೆಂದ ಉಂಟು ಅಂತ ಹೇಳಿದ್ದುಂಟಾ? ಇವಳ ಮದುವೆಯಾದ ತಿಂಗಳೇ ಅತ್ತೆ ಹೇಳಿದರು, 'ವಾರಿಜ, ನಿನ್ನದನ್ನು ಅಡಿಗೆ ಹಾಕು, ಸೇಸಮ್ಮನದ್ದನ್ನು ಮೇಲಿಡು' ಅಂತ. ಅಂದಿನಿಂದ ನಾನು ಅಡಿಯಲ್ಲೇ ಇದ್ದೇನೆ. ಆ ಎಡಗೈಯನ್ನು ನೋಡಿ ನೋಡಿ ನನ್ನ ಹೊಟ್ಟೆ ಸುಟ್ಟದ್ದು ದೇವರಿಗೇ ಗೊತ್ತು."

ಗೋಡೆಯುದ್ದಕ್ಕೂ ಕುಳಿತ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಕೆಲವರು ಹೊಗೆಸೊಪ್ಪಿನ ಘಾಟಿಗಿರಬಹುದು, ಆದರೆ ಎಲ್ಲರೂ ನೋಡುತ್ತಿದ್ದದ್ದು ವಾರಿಜಳನ್ನೇ. ಬಾಗಿಲಲ್ಲಿ ನಿಂತಿದ್ದ ಲೋಕಯ್ಯ ಮೂಗು ಒರೆಸಿಕೊಂಡ. ಮೂಸಬ್ಬ, "ಎಂಥ ಮನಸ್ಸು ಮಾರಾಯ್ರೆ ವಾರಿಜಕ್ಕಂದು" ಎಂದ.

ಸೇಸಮ್ಮನ ಒಳಗೆ ಏನೋ ಧಗ್ಗನೆ ಹೊತ್ತಿಕೊಂಡಿತು. ಸತ್ಯ ಹೇಳಲು ಬಂದವಳು ತಾನು, ಒಳ್ಳೆಯವಳಾದದ್ದು ಅವಳು. ಇಷ್ಟು ವರ್ಷ ಬೀಡಿಯ ಹೆಸರು ಅವಳಿಗೆ ಹೋಯಿತು, ಈಗ ಸತ್ಯದ ಹೆಸರೂ ಅವಳಿಗೇ! ಸಾಲದ್ದಕ್ಕೆ ಹೊಟ್ಟೆಕಿಚ್ಚೂ ಅವಳಿಗೆ ಇತ್ತಂತೆ. ಲೋಕದಲ್ಲಿ ತನ್ನದು ಅಂತ ಸೇಸಮ್ಮನಿಗೆ ಇದ್ದದ್ದು ಅದೊಂದೇ, ಅದರಲ್ಲೂ ಪಾಲಿಗೆ ಬಂದಳಲ್ಲ!

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಅಮ್ಮ, ಇಲ್ಲಿ ಎರಡು ದಾರಿ ಉಂಟು. ಇಪ್ಪತ್ತೇಳು ವರ್ಷ ಇಬ್ಬರ ಕೆಲಸ ಒಬ್ಬರ ಹೆಸರಲ್ಲಿ ಹೋಗಿದೆ ಅಂತ ನಾನು ಬರೆದರೆ ವಿಚಾರಣೆ ಆಗ್ತದೆ. ನಿಮ್ಮ ವರ್ಷಗಳು ನಿಮಗೆ ಸಿಗಬಹುದು, ಸಿಗದೆಯೂ ಇರಬಹುದು. ಅದು ಮುಗಿಯುವ ತನಕ ಇವರ ಪಿ.ಎಫ್., ಪೆನ್ಷನ್ ಎಲ್ಲ ನಿಲ್ಲಬಹುದು. ಅದು ಬೇಡವಾದರೆ ಇವತ್ತಿನ ತಾರೀಖು ಹಾಕಿ ನಿಮ್ಮನ್ನು ಹೊಸದಾಗಿ ಸೇರಿಸಿಕೊಳ್ಳಲಿಕ್ಕೆ ಕಂಪನಿಗೆ ಬರೀತೇನೆ. ಹಿಂದಿನದ್ದು ಮಾತ್ರ ಹೋಯ್ತು ಅಂತಲೇ. ಯಾವುದು ಬರೆಯುವ?"

"ವಿಚಾರಣೆಯೇ ಬರೆಯಿರಿ ಮೇಡಂ" ಎಂದಳು ವಾರಿಜ. "ನಿಂತರೆ ನಿಲ್ಲಲಿ ನನ್ನ ಪೆನ್ಷನ್. ಅವಳದ್ದು ಅವಳಿಗೆ ಸಿಗಲಿ."

ಗೋಡೆಯ ಹೆಂಗಸರ ಕಡೆಯಿಂದ ಇನ್ನೊಂದು ನಿಟ್ಟುಸಿರು ವಾರಿಜಳ ಪಾಲಿಗೆ ಹೋಯಿತು. ಅಲ್ಲಿಗೆ ಸೇಸಮ್ಮನಿಗೆ ತಡೆಯಲಾಗಲಿಲ್ಲ. ಕೊಡುವುದರಲ್ಲೂ ಇವಳೇ ಮುಂದೆಯಾ?

"ಇವತ್ತಿನದ್ದೇ ಹಾಕಿ ಮೇಡಂ!" ಸ್ವರಕ್ಕೆ ಹಂಚಿನ ಮೇಲಿದ್ದ ಕಾಗೆ ಹಾರಿಹೋಯಿತು. "ಅವಳ ಪೆನ್ಷನ್ ನಿಲ್ಲಿಸಿ ನನಗೆ ಒಂದು ವರ್ಷವೂ ಬೇಡ. ಇಪ್ಪತ್ತೇಳನ್ನೂ ಅವಳೇ ಇಟ್ಟುಕೊಳ್ಳಲಿ. ನಾನು ಬಿಟ್ಟುಕೊಟ್ಟೆ. ಎಲ್ಲರ ಎದುರು ಬಿಟ್ಟುಕೊಟ್ಟೆ. ಎಲ್ಲರೂ ಕೇಳಿದಿರಲ್ಲ?"

ಎಲ್ಲರೂ ಕೇಳಿದರು. ಮೂಸಬ್ಬ, "ಎಂಥ ಮನಸ್ಸು ಸೇಸಕ್ಕಂದೂ" ಎಂದ. ಆ ಕೊನೆಯ 'ಊ' ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಸೇಸಮ್ಮನಿಗೆ ಅನ್ನಿಸಿತು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಳು. ಆಗ ಲೆಕ್ಕಕ್ಕೆ ಬಂತು. ವಿಸ್ಮಿತಾ ಹೊಟ್ಟೆಯಲ್ಲಿದ್ದಾಗ ಕಟ್ಟಿದ್ದು, ಬಾಣಂತನದ ಇಪ್ಪತ್ತನೇ ದಿನಕ್ಕೆ ಎದ್ದು ಕುಳಿತು ಕಟ್ಟಿದ್ದು, ಜ್ವರದಲ್ಲಿ ಕಟ್ಟಿದ್ದು, ಅಪ್ಪ ನೆರಿಯದಲ್ಲಿ ತೀರಿಕೊಂಡ ಸುದ್ದಿ ಬಂದಾಗ ತಡ್ಪೆಯಲ್ಲಿ ಅರ್ಧಕ್ಕೆ ಬಿಟ್ಟುಹೋದದ್ದು. ಎಲ್ಲವನ್ನೂ ಒಂದೇ ಉಸಿರಿಗೆ, ಜಿದ್ದಿಗೆ ಬಿದ್ದು ಕೊಟ್ಟುಬಿಟ್ಟಿದ್ದಳು. ಸುತ್ತಲೂ ಯಾರೂ ಇಲ್ಲವೆಂದು ನೋಡಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಬಸ್ಸು ಬಂದು ಜನ ಇಳಿದಾಗ ಎದ್ದು ಮನೆಗೆ ನಡೆದಳು.

ಒಂದೂವರೆ ತಿಂಗಳಿಗೆ ಪತ್ರ ಬಂತು. ಸೇವೆಗೆ ಸೇರಿದ್ದು ಈ ವರ್ಷ. ದರ್ಜೆ, ತರಬೇತಿ. ಆರು ತಿಂಗಳು ಪರೀಕ್ಷಾವಧಿ, ಕೆಲಸ ತೃಪ್ತಿಕರವಾದರೆ ಮುಂದುವರಿಸಲಾಗುವುದು. ಜತ್ತಪ್ಪ ಎರಡು ಸಲ ಓದಿ, ನಗು ತಡೆಯಲಾರದೆ ಹಿತ್ತಿಲಿಗೆ ಹೋಗಿ ಕೆಮ್ಮಿ ಬಂದ. ಪತ್ರ ಮಾತ್ರ ಎರಡು ಪುಟ ಇತ್ತು. ಹೊಸಬರಿಗೆ ಷರತ್ತು ಜಾಸ್ತಿ. ವಾರಿಜ ಬೇಲಿ ದಾಟಿ ಬಂದು, ತಿರುವಿ ಮುರುವಿ ನೋಡಿ, "ನಿನ್ನದು ಎರಡು ಪುಟ ಉಂಟಲ್ಲ. ನನ್ನದು ಒಂದೇ" ಎಂದು ಮುಖ ಸಣ್ಣ ಮಾಡಿದಳು. ಸೇಸಮ್ಮನಿಗೆ ಅಂದು ಒಂದು ಲೋಟ ಚಹಾ ಹೆಚ್ಚು ಸೇರಿತು.

ಮೊದಲ ಸಲ ಇಬ್ಬರೂ ಬೇರೆ ಬೇರೆ ಬೀಡಿ ಹಿಡಿದುಕೊಂಡು ಬ್ರಾಂಚಿನ ಸಾಲಿನಲ್ಲಿ ನಿಂತರು. ಮೂಸಬ್ಬ ಸೇಸಮ್ಮನ ಕಟ್ಟು ತೆಗೆದುಕೊಂಡು ತಲೆ ತಗ್ಗಿಸಿದ.

"ಬೇಜಾರು ಮಾಡ್ಬೇಡಿ ಸೇಸಕ್ಕ. ಹೊಸಬರದ್ದು ಪೂರ್ತಿ ಬಿಚ್ಚಿ ನೋಡ್ಲೇಬೇಕು ಅಂತ ಆರ್ಡರ್ ಉಂಟು."

"ನೋಡಿ. ಒಂದೊಂದೇ ನೋಡಿ."

ಮೂಸಬ್ಬ ಒಂದೊಂದೇ ನೋಡಿದ. ಇಪ್ಪತ್ತೇಳು ವರ್ಷ ಕಣ್ಣು ಮುಚ್ಚಿ ಒಪ್ಪಿಕೊಂಡ ಬೀಡಿಯನ್ನು ಕನ್ನಡಕ ಹಾಕಿ ನೋಡಿದ. ಒಂದನ್ನೂ ತೆಗೆದುಹಾಕಲಿಲ್ಲ. ಬಳಿಕ ವಾರಿಜಳ ಸರದಿ. ಹಳಬರದ್ದೆಂದು ಬಿಚ್ಚಬೇಕೆಂದಿರಲಿಲ್ಲ. ಆದರೆ ಕಟ್ಟುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಮೂಸಬ್ಬ ಸಂಕೋಚದಿಂದ ಮೂವತ್ತೆರಡು ಬೀಡಿ ಆರಿಸಿ ಬದಿಗಿಟ್ಟ.

"ಮೂವತ್ತೆರಡೇ?" ವಾರಿಜಳ ಮುಖ ಅರಳಿತು. "ನಾನು ನೂರು ಹೋಗ್ತದೆ ಅಂತ ಗ್ರಹಿಸಿದ್ದೆ! ಹಾಗಾದ್ರೆ ಉಳಿದದ್ದೆಲ್ಲ ಪಾಸಾ? ನನ್ನದೇ? ಬರೀ ನನ್ನದೇ?"

"ನಿಮ್ಮದೇ ವಾರಿ‌ಜಕ್ಕ."

ವಾರಿಜ ಆ ಮೂವತ್ತೆರಡು ಬೀಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮದುವೆಗೆ ಹೋಗಿ ಬಂದವಳ ಹಾಗೆ ಸಿಕ್ಕಿದವರಿಗೆಲ್ಲ ಹೇಳುತ್ತಾ ಮನೆಗೆ ಹೋದಳು. ಸೇಸಮ್ಮ ಹತ್ತು ಹೆಜ್ಜೆ ಹಿಂದೆ ನಡೆದಳು.

"ಹೇಗಾಯ್ತು?" ಎಂದು ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ ಜತ್ತಪ್ಪ ಕೇಳಿದ.

"ನನ್ನದು ಒಂದೂ ರಿಜೆಕ್ಟ್ ಇಲ್ಲ. ಅವಳದ್ದು ಮೂವತ್ತೆರಡು."

"ಮತ್ತೆಂತ? ಈಗಲಾದರೂ ಹೊಟ್ಟೆ ತಣ್ಣಗಾಯ್ತಾ?"

ಸೇಸಮ್ಮ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡಳು, ಕತ್ತರಿ ತೆಗೆದಳು, ಬೇಲಿಯ ಆ ಬದಿಗೊಮ್ಮೆ ನೋಡಿದಳು.

"ಎಂತ ತಣ್ಣಗಾಗುವುದು? ನಾನು ಎಷ್ಟು ಚೆಂದ ಕಟ್ಟಿದರೂ ತರಬೇತಿ. ಅವಳ ರಿಜೆಕ್ಟಿಗೂ ಇಪ್ಪತ್ತೊಂಬತ್ತು ವರ್ಷದ ಸರ್ವಿಸ್ ಉಂಟು!"